ಉದ್ಘಾಟನೆ ಆಯಿತು, ಐದನೇ ವರ್ಷದ ಗತಿಯೇನು?

ಮನೆ ಕಂದಾಯ ಕಟ್ಟಿದ ರಶೀದಿಯನ್ನು ಒಮ್ಮೆ ಬಿಡಿಸಿ ನೋಡಿ. ತೆರಿಗೆಯ ಮೊತ್ತದ ಕೆಳಗೆ ಆರೋಗ್ಯ ಕರ, ಭಿಕ್ಷುಕರ ಕರಗಳ ಸಾಲಿನಲ್ಲೇ ಗ್ರಂಥಾಲಯ ಕರವೂ ಇರುತ್ತದೆ. ಕೆಲವು ಕಡೆ ಎಲ್ಲವನ್ನೂ ಕೂಡಿಸಿ ‘ಸೆಸ್’ ಎಂದು ಒಂದೇ ಅಂಕಿ ಬರೆದಿರುತ್ತಾರೆ. ನೂರು ರೂಪಾಯಿ ತೆರಿಗೆಗೆ ಆರು ರೂಪಾಯಿ ಗ್ರಂಥಾಲಯದ ಪಾಲು. ಲೈಬ್ರರಿಯ ಹೊಸಿಲು ತುಳಿಯದವರೂ ಅದನ್ನು ಕಟ್ಟುತ್ತಾರೆ. 1965ರ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆ ಮಾಡಿಕೊಟ್ಟ ಏರ್ಪಾಡು ಇದು. ಬಾಳಿನ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲೇ ಕಳೆದ, ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ ದಶಕಗಳ ಕಾಲ ರಾಜ್ಯ ರಾಜ್ಯಗಳಿಗೂ ಹೇಳುತ್ತ ಬಂದದ್ದು ಇದನ್ನೇ: ಸಾರ್ವಜನಿಕ ಗ್ರಂಥಾಲಯ ಕಾನೂನಿನ ಮೇಲೆ ನಿಲ್ಲಬೇಕು, ಅದಕ್ಕೆ ಕಾಯಂ ಆದಾಯ ಇರಬೇಕು.

ಈಗ ಅದನ್ನು ನೆನೆಯಲು ಕಾರಣವಿದೆ. ಗ್ರಂಥಾಲಯ ನೀತಿಯ ಬಗ್ಗೆ ಎಲ್ಲಿ ಚರ್ಚೆ ನಡೆದರೂ ಇಂದು ಎರಡು ಗುರಿಗಳ ಹೆಸರು ಮೊದಲು ಬರುತ್ತದೆ. ಒಂದು ಡಿಜಿಟಲೀಕರಣ, ಇನ್ನೊಂದು ಸುಸ್ಥಿರತೆ. ಯುನೆಸ್ಕೊದ ಸಾರ್ವಜನಿಕ ಗ್ರಂಥಾಲಯ ಪ್ರಣಾಳಿಕೆ ಮೊದಲು ಹೊರಬಂದದ್ದು 1949ರಲ್ಲಿ. 1972ರಲ್ಲಿ ಮತ್ತು 1994ರಲ್ಲಿ ಅದು ಪರಿಷ್ಕೃತವಾಯಿತು. ಗ್ರಂಥಾಲಯಗಳ ಅಂತರರಾಷ್ಟ್ರೀಯ ಒಕ್ಕೂಟ ಇಫ್ಲಾ ಜೊತೆಗೂಡಿ 2022ರಲ್ಲಿ ಅದನ್ನು ಮತ್ತೆ ತಿದ್ದಿದಾಗ ಈ ಎರಡೂ ವಿಚಾರಗಳಿಗೆ ಅಲ್ಲಿ ದೊಡ್ಡ ಜಾಗ ಸಿಕ್ಕಿತು. ಊರಿನ ಲೈಬ್ರರಿ ಜನರಿಗೆ ಡಿಜಿಟಲ್ ಲೋಕದ ಬಾಗಿಲು ತೆರೆಯಬೇಕು, ಸುಸ್ಥಿರ ಅಭಿವೃದ್ಧಿಗೂ ಹೆಗಲು ಕೊಡಬೇಕು ಎಂಬುದು ಅದರ ಆಶಯ.

ಸರ್ಕಾರಿ ಕಚೇರಿಗಳಲ್ಲಿ ಇವೆರಡೂ ಬೇರೆ ಬೇರೆ ಕಡತಗಳಾಗಿ ಓಡಾಡುತ್ತವೆ. ಡಿಜಿಟಲ್ ಅಂದರೆ ಕಂಪ್ಯೂಟರ್ ಖರೀದಿ. ಸುಸ್ಥಿರತೆ ಅಂದರೆ ಚಾವಣಿಯ ಮೇಲೊಂದು ಸೋಲಾರ್ ಫಲಕ, ಅಂಗಳದಲ್ಲಿ ನಾಲ್ಕು ಗಿಡ. ನನಗೆ ಇವೆರಡೂ ಒಂದೇ ಪ್ರಶ್ನೆಯಾಗಿ ಕಾಣುತ್ತವೆ. ಇಂದು ಸಾರ್ವಜನಿಕರ ದುಡ್ಡಿನಲ್ಲಿ ಕೊಂಡದ್ದು, ಸ್ಕ್ಯಾನ್ ಮಾಡಿದ್ದು, ಕಟ್ಟಿದ್ದು ಹತ್ತು ವರ್ಷದ ಮೇಲೂ ಓದುಗರ ಕೈಗೆ ಸಿಗುತ್ತದೆಯೇ? ಸಿಗುವಂತಿದ್ದರೆ ಮಾತ್ರ ಡಿಜಿಟಲೀಕರಣಕ್ಕೆ ಅರ್ಥವಿದೆ.

ಹಳ್ಳಿಯ ಲೈಬ್ರರಿಗೆ ಬಂದ ಜೀವ

ಮೊದಲು ಒಳ್ಳೆಯ ಸುದ್ದಿ. ಕರ್ನಾಟಕದ ಐದೂವರೆ ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಸಾರ್ವಜನಿಕ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಸುಪರ್ದಿಗೆ ಬಂದವು. ಅದುವರೆಗೆ ಎಷ್ಟೋ ಊರುಗಳಲ್ಲಿ ಲೈಬ್ರರಿ ಎಂದರೆ ಒಂದು ಕೋಣೆ, ಎರಡು ಬೀರು, ದೂಳು ಹಿಡಿದ ಪುಸ್ತಕ, ಒಂದೆರಡು ದಿನಪತ್ರಿಕೆ. 2020ರಲ್ಲಿ ಕೊರೊನಾ ಬಂದು ಶಾಲೆಗಳು ಮುಚ್ಚಿದಾಗ ಇಲಾಖೆ ‘ಓದುವ ಬೆಳಕು’ ಎಂಬ ಕಾರ್ಯಕ್ರಮ ಆರಂಭಿಸಿ ಆರರಿಂದ ಹದಿನೆಂಟು ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟಿತು. ‘ಪುಸ್ತಕ ಜೋಳಿಗೆ’ ಹಿಡಿದು ಪಂಚಾಯಿತಿಯವರು ಮನೆ ಮನೆಯಿಂದ ಪುಸ್ತಕ ಸಂಗ್ರಹಿಸಿದರು. ಅನೇಕ ಕಡೆ ಗೋಡೆಗೆ ಬಣ್ಣ ಬಂತು, ಮಕ್ಕಳ ಅಳತೆಗೆ ತಕ್ಕ ಮೇಜು ಬಂತು. ಇಲಾಖೆಯ ಹಿರಿಯ ಅಧಿಕಾರಿಯಾಗಿದ್ದ ಉಮಾ ಮಹಾದೇವನ್ ದಾಸ್‌ಗುಪ್ತ ಅವರಂಥವರ ಮುತುವರ್ಜಿ ಇದರ ಹಿಂದಿತ್ತು. ಈಗ ಈ ಗ್ರಂಥಾಲಯಗಳ ಹೆಸರು ‘ಅರಿವು ಕೇಂದ್ರ’. ಕಂಪ್ಯೂಟರ್, ಟ್ಯಾಬ್, ಟಿ.ವಿ., ಇಂಟರ್‌ನೆಟ್ ಅಲ್ಲಿಗೆ ಬಂದಿವೆ, ಬರುತ್ತಲೂ ಇವೆ. ಅದೇ 2020ರಲ್ಲಿ ಸಾರ್ವಜನಿಕ ಗ್ರಂಥಾಲಯ ಇಲಾಖೆಯೂ ರಾಜ್ಯಕ್ಕೆಲ್ಲ ಒಂದೇ ಡಿಜಿಟಲ್ ಗ್ರಂಥಾಲಯ ತೆರೆಯಿತು. ಲಾಕ್‌ಡೌನ್ ದಿನಗಳಲ್ಲಿ ಅದರ ಸದಸ್ಯರ ಸಂಖ್ಯೆ ಏರುತ್ತಲೇ ಹೋಯಿತು.

ಸಂಜೆ ನಾಲ್ಕೂವರೆಗೆ, ಶಾಲೆ ಬಿಟ್ಟ ಹೊತ್ತಿನಲ್ಲಿ, ಚೆನ್ನಾಗಿ ನಡೆಯುತ್ತಿರುವ ಒಂದು ಅರಿವು ಕೇಂದ್ರದಲ್ಲಿ ಅರ್ಧ ಗಂಟೆ ಕೂತರೆ ಡಿಜಿಟಲೀಕರಣದ ನಿಜವಾದ ಮುಖ ಕಾಣುತ್ತದೆ. ಬಾಗಿಲ ಹೊರಗೆ ಚಪ್ಪಲಿಗಳ ರಾಶಿ. ಒಳಗೆ ಚಾಪೆಯ ಮೇಲೆ ಕಥೆ ಪುಸ್ತಕ ಹರವಿಕೊಂಡ ಮೂರನೇ ತರಗತಿಯ ಮಕ್ಕಳು. ಕಿಟಕಿ ಪಕ್ಕದ ಮೇಜಿನಲ್ಲಿ ಎಫ್‌ಡಿಎ, ಪಿಡಿಒ, ಪೊಲೀಸ್ ಕಾನ್‌ಸ್ಟೆಬಲ್ ಪರೀಕ್ಷೆಗೆ ಓದುತ್ತಿರುವ ಹುಡುಗರು. ಮೂಲೆಯ ಕಂಪ್ಯೂಟರ್ ಮುಂದೆ ವಿದ್ಯಾರ್ಥಿವೇತನಕ್ಕೆ ಅರ್ಜಿ ತುಂಬುತ್ತಿರುವ ಹುಡುಗಿ. ಅವಳ ಬೆನ್ನ ಹಿಂದೆ ನಿಂತ ಮೇಲ್ವಿಚಾರಕಿ, ‘ಆಧಾರ್‌ನಲ್ಲಿ ಹೆಸರು ಹೇಗಿದೆಯೋ ಹಾಗೇ ಹಾಕಮ್ಮ, ಇನಿಷಿಯಲ್ ತಪ್ಪಿದರೆ ರಿಜೆಕ್ಟ್ ಆಗುತ್ತೆ’ ಎಂದು ಹೇಳಿಕೊಡುತ್ತಾರೆ. ಆ ಒಂದು ಮಾತಿಗೆ ಒಂದು ವರ್ಷದ ವಿದ್ಯಾರ್ಥಿವೇತನದ ಬೆಲೆಯಿದೆ. ಸೈಬರ್ ಕೆಫೆಗೆ ಹೋಗಿದ್ದರೆ ಪಟ್ಟಣಕ್ಕೆ ಬಸ್ಸಿನ ಖರ್ಚು, ಅರ್ಜಿಗೆ ಐವತ್ತೋ ನೂರೋ ರೂಪಾಯಿ. ಜೊತೆಗೆ, ಮಗಳನ್ನು ಒಬ್ಬಳೇ ಕಳಿಸುವುದು ಹೇಗೆ ಎಂಬ ಮನೆಯವರ ಅಳುಕು.

ಆ ಅಳುಕನ್ನು ಹಗುರವಾಗಿ ಕಾಣುವಂತಿಲ್ಲ. 2019–21ರಲ್ಲಿ ನಡೆದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ ಒಮ್ಮೆಯಾದರೂ ಇಂಟರ್‌ನೆಟ್ ಬಳಸಿದ ಗಂಡಸರು ನೂರಕ್ಕೆ ಸುಮಾರು 62. ಹೆಂಗಸರು ಸುಮಾರು 35 ಮಾತ್ರ. ಮನೆಯಲ್ಲಿರುವ ಒಂದೇ ಮೊಬೈಲ್ ಮೊದಲು ಯಾರ ಕೈ ಸೇರುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವ ವಿಷಯವೇ. ಹಾಗಾಗಿ ಡಿಜಿಟಲ್ ಗ್ರಂಥಾಲಯ ಎಂದರೆ ಮೊಬೈಲ್‌ನಲ್ಲಿ ತೆರೆಯುವ ಆ್ಯಪ್ ಎಂದು ಮಾತ್ರ ತಿಳಿದರೆ, ಅದು ಈಗಾಗಲೇ ಮೊಬೈಲ್ ಇರುವವರಿಗೆ ಇನ್ನೊಂದು ಸೌಲಭ್ಯವಾಗಿ ಮುಗಿಯುತ್ತದೆ. ಊರಿನ ನಡುವೆ, ಹೆಣ್ಣುಮಕ್ಕಳು ನಿರ್ಭಯವಾಗಿ ಬಂದು ಕೂರಬಹುದಾದ ಕೋಣೆಯಲ್ಲಿ, ಹೇಳಿಕೊಡುವವರೊಬ್ಬರ ಜೊತೆಗೆ ಇಂಟರ್‌ನೆಟ್ ಇದ್ದಾಗಲೇ ಈ ಅಂತರ ಕಿರಿದಾಗುವುದು.

ಯಂತ್ರದ ಆಯುಷ್ಯ, ಬಿಲ್ಲಿನ ಆಯುಷ್ಯ

ಇನ್ನು ಕಷ್ಟದ ಭಾಗ. ಕಂಪ್ಯೂಟರ್ ಕೊಡಿಸುವುದು ಒಂದು ದಿನದ ಕೆಲಸ. ಯೋಜನೆಯ ಅನುದಾನವೋ, ಶಾಸಕರ ನಿಧಿಯೋ, ಕಂಪನಿಯೊಂದರ ಸಿಎಸ್‌ಆರ್ ದುಡ್ಡೋ ಬರುತ್ತದೆ. ಟೇಪು ಕತ್ತರಿಸುತ್ತಾರೆ, ಫೋಟೊ ಪತ್ರಿಕೆಯಲ್ಲಿ ಬರುತ್ತದೆ. ಇಂಟರ್‌ನೆಟ್ ಬಿಲ್ ಮಾತ್ರ ಪ್ರತಿ ತಿಂಗಳೂ ಬರುತ್ತದೆ. ಇನ್ವರ್ಟರ್ ಬ್ಯಾಟರಿ ಮೂರು–ನಾಲ್ಕು ವರ್ಷಕ್ಕೆ ಬದಲಾಗಬೇಕು. ನಲವತ್ತು ಮಕ್ಕಳ ಕೈ ಸುತ್ತುವ ಟ್ಯಾಬ್‌ನ ಚಾರ್ಜಿಂಗ್ ಪಿನ್ ಮೊದಲು ಹೋಗುತ್ತದೆ, ಆಮೇಲೆ ಪರದೆ, ಆಮೇಲೆ ಬ್ಯಾಟರಿ. ಐದಾರು ವರ್ಷ ಕಳೆದರೆ ತಯಾರಕರು ಆ ಮಾದರಿಗೆ ತಂತ್ರಾಂಶದ ಅಪ್‌ಡೇಟ್ ಕೊಡುವುದನ್ನೇ ನಿಲ್ಲಿಸುತ್ತಾರೆ. ಆಗ ಯಂತ್ರ ಸರಿಯಾಗಿದ್ದರೂ ಅರ್ಜಿ ತುಂಬುವ ವೆಬ್‌ಸೈಟ್ ಅದರಲ್ಲಿ ತೆರೆಯುವುದಿಲ್ಲ. ಸರ್ಕಾರಿ ಲೆಕ್ಕದ ಭಾಷೆಯಲ್ಲಿ ಖರೀದಿ ಬಂಡವಾಳ ವೆಚ್ಚ, ದುರಸ್ತಿ ನಿರ್ವಹಣಾ ವೆಚ್ಚ. ಮೊದಲನೆಯದಕ್ಕೆ ದುಡ್ಡು ಹುಟ್ಟಿಸುವುದು ಸುಲಭ, ಎರಡನೆಯದಕ್ಕೆ ಕೇಳುವವರೇ ಇಲ್ಲ. ಗ್ರಂಥಾಲಯದ ಮೂಲೆಯಲ್ಲಿ ಬಟ್ಟೆ ಹೊದ್ದು ಕೂತ ಕಂಪ್ಯೂಟರ್ ಕಂಡರೆ ಅದರ ಹಿಂದೆ ಸಾಮಾನ್ಯವಾಗಿ ಇದೇ ಕಥೆ ಇರುತ್ತದೆ.

ಗ್ರಂಥಾಲಯ ಕರದ ಮಹತ್ವ ಇಲ್ಲಿದೆ. ಲೆಕ್ಕಕ್ಕೆಂದು ಒಂದು ಪಂಚಾಯಿತಿ ವರ್ಷಕ್ಕೆ ಹತ್ತು ಲಕ್ಷ ರೂಪಾಯಿ ಮನೆ ತೆರಿಗೆ ವಸೂಲು ಮಾಡುತ್ತದೆ ಎಂದಿಟ್ಟುಕೊಳ್ಳಿ. ಶೇ 6ರಂತೆ ಗ್ರಂಥಾಲಯದ ಪಾಲು 60,000 ರೂಪಾಯಿ, ತಿಂಗಳಿಗೆ 5,000. ಇಂಟರ್‌ನೆಟ್, ವಿದ್ಯುತ್, ನಾಲ್ಕು ಪತ್ರಿಕೆ, ಒಂದಿಷ್ಟು ಹೊಸ ಪುಸ್ತಕ, ಬ್ಯಾಟರಿಗೆಂದು ಎತ್ತಿಡುವ ಸ್ವಲ್ಪ ಹಣ ಇವೆಲ್ಲ ಅದರೊಳಗೆ ಬಿಗಿಯಾಗಿಯಾದರೂ ಕೂರುತ್ತವೆ. ತೆರಿಗೆ ವಸೂಲಿ ಅರ್ಧಕ್ಕಿಳಿದರೆ ಲೈಬ್ರರಿಯ ಹಣವೂ ಅರ್ಧಕ್ಕಿಳಿಯುತ್ತದೆ. ವಸೂಲಾದ ಕರ ಬೇರೆ ಖರ್ಚಿಗೆ ಹರಿದರೆ ಏನೂ ಉಳಿಯುವುದಿಲ್ಲ. ನಗರಗಳ ಕಥೆಯೂ ಬೇರೆಯಲ್ಲ. 2025ರವರೆಗೆ ಇದ್ದ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಜನರಿಂದ ವಸೂಲು ಮಾಡಿದ ಗ್ರಂಥಾಲಯ ಕರದಲ್ಲಿ ಇಲಾಖೆಗೆ ಕೊಡಬೇಕಾಗಿದ್ದ ಬಾಕಿ ನೂರಾರು ಕೋಟಿ ಎಂದು ಪತ್ರಿಕೆಗಳು ವರ್ಷಗಳ ಕಾಲ ಬರೆಯುತ್ತಲೇ ಬಂದವು. ಸುಸ್ಥಿರತೆಯ ಮೊದಲ ಪಾಠ ಪರಿಸರಕ್ಕಿಂತ ಮುಂಚೆ ಲೆಕ್ಕಪುಸ್ತಕದಲ್ಲಿ ಆರಂಭವಾಗುತ್ತದೆ: ಗ್ರಂಥಾಲಯದ ಹೆಸರಿನಲ್ಲಿ ಬಂದ ಹಣ ಗ್ರಂಥಾಲಯ ಸೇರಬೇಕು, ವರ್ಷದೊಳಗೆ ಸೇರಬೇಕು.

ಕೆಟ್ಟ ಯಂತ್ರಗಳ ಗತಿಯನ್ನೂ ಯೋಜನೆ ಬರೆಯುವ ದಿನವೇ ಯೋಚಿಸಬೇಕು. 2022ರ ಇ-ತ್ಯಾಜ್ಯ ನಿರ್ವಹಣಾ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ತಯಾರಕರ ಮೇಲೆ ಮರುಬಳಕೆಯ ಹೊಣೆಯನ್ನು ಅವು ಹೊರಿಸುತ್ತವೆ. ನಮ್ಮ ಸಾವಿರಾರು ಗ್ರಂಥಾಲಯಗಳಲ್ಲಿರುವ ಟ್ಯಾಬ್, ಬ್ಯಾಟರಿ, ಮಾನಿಟರ್‌ಗಳು ಒಂದೇ ಅವಧಿಯಲ್ಲಿ ಬಂದವು, ಹೆಚ್ಚುಕಡಿಮೆ ಒಂದೇ ಅವಧಿಯಲ್ಲಿ ಕೆಡುತ್ತವೆ. ತಾಲ್ಲೂಕಿಗೊಂದು ಕಡೆ ಅವನ್ನು ಕೂಡಿಹಾಕಿ, ರಿಪೇರಿ ಆಗುವುದನ್ನು ರಿಪೇರಿ ಮಾಡಿ, ಉಳಿದದ್ದನ್ನು ನೋಂದಾಯಿತ ಮರುಬಳಕೆದಾರರಿಗೆ ಒಪ್ಪಿಸುವ ವ್ಯವಸ್ಥೆ ಬೇಕು. ಐಟಿಐ ಮತ್ತು ಪಾಲಿಟೆಕ್ನಿಕ್ ವಿದ್ಯಾರ್ಥಿಗಳಿಗೆ ಈ ರಿಪೇರಿ ಒಳ್ಳೆಯ ತರಬೇತಿಯೂ ಆದೀತು.

ಪುಸ್ತಕದ ಒಡೆಯ ಯಾರು?

ಯಂತ್ರದ ಮಾತು ಕಣ್ಣಿಗೆ ಕಾಣುವಂಥದ್ದು. ಅದರೊಳಗಿನ ಪುಸ್ತಕದ ಮಾತು ಇನ್ನೂ ಗಂಭೀರವಾದದ್ದು. ಲೈಬ್ರರಿ ಒಂದು ಮುದ್ರಿತ ಪುಸ್ತಕ ಕೊಂಡರೆ ಅದು ಲೈಬ್ರರಿಯ ಸ್ವತ್ತು. ಹಾಳೆ ಹರಿಯುವತನಕ ಎಷ್ಟು ಜನಕ್ಕಾದರೂ ಕೊಡಬಹುದು. ಇ-ಪುಸ್ತಕ ಹಾಗಲ್ಲ. ಬಹುಪಾಲು ಇ-ಪುಸ್ತಕಗಳನ್ನು ಗ್ರಂಥಾಲಯ ಕೊಳ್ಳುವುದೇ ಇಲ್ಲ, ಪರವಾನಗಿ ಪಡೆಯುತ್ತದೆ. ಹಾರ್ಪರ್‌ಕಾಲಿನ್ಸ್ ಪ್ರಕಾಶನ 2011ರಲ್ಲಿ ಅಮೆರಿಕದ ಗ್ರಂಥಾಲಯಗಳಿಗೆ ಒಂದು ಷರತ್ತು ಹಾಕಿತು: ಇ-ಪುಸ್ತಕ 26 ಸಲ ಓದುಗರಿಗೆ ಹೋದ ಮೇಲೆ ಪರವಾನಗಿ ಮುಗಿಯುತ್ತದೆ, ಬೇಕಿದ್ದರೆ ಮತ್ತೆ ದುಡ್ಡು ಕೊಡಬೇಕು. ಅಲ್ಲಿನ ಗ್ರಂಥಪಾಲಕರು ಬಲವಾಗಿ ಪ್ರತಿಭಟಿಸಿದರು. ಇಂದು ಇಷ್ಟು ವರ್ಷ ಅಥವಾ ಇಷ್ಟು ಸಲ ಎಂಬ ಗಡುವು ಆ ವ್ಯಾಪಾರದ ರೂಢಿಯೇ ಆಗಿದೆ. ನಮ್ಮ ಸರ್ಕಾರಗಳು ಖಾಸಗಿ ಕಂಪನಿಗಳ ಮೂಲಕ ಡಿಜಿಟಲ್ ಗ್ರಂಥಾಲಯ ನಡೆಸುವಾಗ ಒಪ್ಪಂದದಲ್ಲಿ ಇದನ್ನೇ ಮೊದಲು ನೋಡಬೇಕು. ಗುತ್ತಿಗೆ ಮುಗಿದ ಮರುದಿನ ಓದುಗರ ಕಪಾಟಿನಲ್ಲಿ ಏನು ಉಳಿಯುತ್ತದೆ?

ಬೆಂಗಳೂರಿಗೆ ಈ ಪ್ರಶ್ನೆಯ ಅನುಭವವೂ ಇದೆ. ‘ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ’ ಎಂಬ ಮಹತ್ವಾಕಾಂಕ್ಷೆಯ ಯೋಜನೆ ಎರಡು ಸಾವಿರದ ದಶಕದ ಆರಂಭದಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ಮುಂದಾಳತ್ವದಲ್ಲಿ, ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಹಯೋಗದೊಂದಿಗೆ ಆರಂಭವಾಯಿತು. ದೇಶದ ಹಲವು ಕೇಂದ್ರಗಳಲ್ಲಿ ಲಕ್ಷಾಂತರ ಪುಸ್ತಕಗಳು ಸ್ಕ್ಯಾನ್ ಆದವು, ಕನ್ನಡದವೇ ಸಾವಿರಾರು. ಆದರೆ ಕನ್ನಡ ಪುಸ್ತಕಗಳ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಮನಬಂದ ಕಾಗುಣಿತದಲ್ಲಿ ದಾಖಲಿಸಿದ್ದರಿಂದ ಹುಡುಕಿದರೂ ಸಿಗುತ್ತಿರಲಿಲ್ಲ. ‘ಸಂಚಯ’ ಎಂಬ ಬಳಗದ ಉತ್ಸಾಹಿ ತರುಣರು ಆ ಹೆಸರುಗಳನ್ನು ಜನರ ನೆರವಿನಿಂದ ಒಂದೊಂದಾಗಿ ಕನ್ನಡಕ್ಕೆ ತಂದು ‘ಪುಸ್ತಕ ಸಂಚಯ’ ಎಂಬ ಹುಡುಕುತಾಣ ಕಟ್ಟಿದ ಮೇಲೆ ಅವು ಓದುಗರ ಕಣ್ಣಿಗೆ ಬಿದ್ದವು. ಕೆಲವು ವರ್ಷಗಳ ಬಳಿಕ, ಹಕ್ಕುಸ್ವಾಮ್ಯದ ತಕರಾರುಗಳ ನಡುವೆ, ಮೂಲ ತಾಣವೇ ಸಾರ್ವಜನಿಕರಿಗೆ ಮುಚ್ಚಿತು. ಕಾರ್ಲ್ ಮಲಮೂಡ್ ಎಂಬ ಅಮೆರಿಕದ ಕಾರ್ಯಕರ್ತ ಅದರ ಬಹುಭಾಗವನ್ನು ಮೊದಲೇ ಇಂಟರ್‌ನೆಟ್ ಆರ್ಕೈವ್‌ಗೆ ನಕಲು ಮಾಡಿಟ್ಟಿದ್ದರಿಂದ ಆ ಪುಸ್ತಕಗಳು ಇಂದಿಗೂ ಸಿಗುತ್ತಿವೆ. ನಮ್ಮ ತೆರಿಗೆ ಹಣದಲ್ಲಿ ಸ್ಕ್ಯಾನ್ ಆದ ಕನ್ನಡ ಪುಸ್ತಕಗಳು ಒಬ್ಬ ಪರದೇಶಿ ಹಿತೈಷಿಯ ಮುಂದಾಲೋಚನೆಯಿಂದ ಉಳಿದವು. ಅವರಿಗೆ ಕೃತಜ್ಞತೆ ಸಲ್ಲಬೇಕು. ಆದರೆ ಒಂದು ಭಾಷೆಯ ಗ್ರಂಥಸಂಪತ್ತು ಇಂಥ ಅದೃಷ್ಟವನ್ನು ನಂಬಿ ಕೂರಬಾರದು.

ದೊಡ್ಡವರಿಗೂ ಪೆಟ್ಟು ತಪ್ಪಿದ್ದಲ್ಲ. 2023ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಮೇಲೆ ಹಣಕ್ಕಾಗಿ ಸೈಬರ್ ದಾಳಿ ನಡೆಯಿತು. ಅದರ ಗ್ರಂಥಸೂಚಿ ಮತ್ತೆ ಆನ್‌ಲೈನ್‌ಗೆ ಬಂದದ್ದು ಮುಂದಿನ ಜನವರಿಯಲ್ಲಿ, ಅದೂ ಪೂರ್ತಿಯಾಗಿ ಅಲ್ಲ. ಕಪಾಟಿನಲ್ಲಿ ಪುಸ್ತಕ ಭದ್ರವಾಗಿತ್ತು, ಅದು ಎಲ್ಲಿದೆ ಎಂದು ಹೇಳುವ ವ್ಯವಸ್ಥೆ ಕುಸಿದಿತ್ತು. ಕಾಗದವೂ ಅಜರಾಮರವಲ್ಲ. 2021ರ ಏಪ್ರಿಲ್‌ನಲ್ಲಿ ಮೈಸೂರಿನ ರಾಜೀವನಗರದಲ್ಲಿ ಕೂಲಿ ಮಾಡಿ ಬದುಕುವ ಕನ್ನಡಪ್ರೇಮಿಯೊಬ್ಬರು ಕಟ್ಟಿದ್ದ ಗ್ರಂಥಾಲಯಕ್ಕೆ ಬೆಂಕಿ ಬಿದ್ದು ಸಾವಿರಾರು ಪುಸ್ತಕಗಳು ಒಂದೇ ದಿನದಲ್ಲಿ ಬೂದಿಯಾದವು.

ಹಾಗಾದರೆ ದಾರಿ ಯಾವುದು? ಕನ್ನಡಕ್ಕೆ ಇದರ ಉತ್ತರ ಸಾವಿರ ವರ್ಷದ ಹಿಂದೆಯೇ ಗೊತ್ತಿತ್ತು. ಹತ್ತನೇ ಶತಮಾನದಲ್ಲಿ ಅತ್ತಿಮಬ್ಬೆ, ಪೊನ್ನನ ಶಾಂತಿಪುರಾಣ ಅಳಿದುಹೋಗದಿರಲೆಂದು ಅದರ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದಳು. ಒಂದು ಕಡೆಯ ಓಲೆ ಗೆದ್ದಲಿಗೋ ಬೆಂಕಿಗೋ ಹೋದರೆ ಇನ್ನೊಂದು ಕಡೆಯದು ಉಳಿಯಲಿ ಎಂಬುದು ಆ ದಾನದ ಹಿಂದಿದ್ದ ವಿವೇಕ. ಇಂದಿನ ಡಿಜಿಟಲ್ ಸಂರಕ್ಷಣೆಯ ತಜ್ಞರು ಪಾಲಿಸುವ ಮೂಲಸೂತ್ರವೂ ಅದೇ. ಒಂದು ಕಡತಕ್ಕೆ ಹಲವು ನಕಲು, ಹಲವು ಊರುಗಳಲ್ಲಿ, ಹಲವು ಸಂಸ್ಥೆಗಳ ಕೈಯಲ್ಲಿ. ರಾಜ್ಯ ಕೇಂದ್ರ ಗ್ರಂಥಾಲಯ, ವಿಶ್ವವಿದ್ಯಾಲಯಗಳು, ಜಿಲ್ಲಾ ಗ್ರಂಥಾಲಯಗಳು ಪರಸ್ಪರರ ಸಂಗ್ರಹದ ನಕಲನ್ನು ಇಟ್ಟುಕೊಳ್ಳುವ ಒಪ್ಪಂದಕ್ಕೆ ದೊಡ್ಡ ದುಡ್ಡೇನೂ ಬೇಕಿಲ್ಲ. ಇದು ತನ್ನ ಕೆಲಸ ಎಂದುಕೊಳ್ಳುವ ಒಂದು ಕಚೇರಿ ಬೇಕು.

ನಕಲು ಇದ್ದರೆ ಸಾಲದು, ಅದು ಓದಲೂ ಬರಬೇಕು. ಇಪ್ಪತ್ತು ವರ್ಷದ ಹಿಂದೆ ನುಡಿ, ಬರಹಗಳ ಹಳೆಯ ಫಾಂಟ್‌ಗಳಲ್ಲಿ ಟೈಪಿಸಿದ ಕಡತವೊಂದನ್ನು ಇಂದಿನ ಕಂಪ್ಯೂಟರಿನಲ್ಲಿ ತೆರೆದು ನೋಡಿ. ‘ಕ’ ಇರಬೇಕಾದ ಕಡೆ ಇಂಗ್ಲಿಷಿನ ಪಿ ಅಕ್ಷರ, ಅದರ ಪಕ್ಕದಲ್ಲಿ ತಲೆಯ ಮೇಲೆ ಗೀಟು ಹೊತ್ತ ಎ ಅಕ್ಷರ. ಒತ್ತಕ್ಷರಗಳ ಕಡೆ ಅರ್ಥವಾಗದ ಚಿಹ್ನೆಗಳು. ಕಡತ ಕೆಟ್ಟಿಲ್ಲ, ಅದನ್ನು ಕನ್ನಡವಾಗಿ ತೋರಿಸುತ್ತಿದ್ದ ಫಾಂಟ್ ಮಾತ್ರ ಇಲ್ಲ. ಆ ಕಾಲದಲ್ಲಿ ಅಚ್ಚಾದ ಎಷ್ಟೋ ಪುಸ್ತಕಗಳ, ಸರ್ಕಾರಿ ವರದಿಗಳ ಮೂಲ ಕಡತಗಳು ಹೀಗೆಯೇ ಕೂತಿವೆ. ಯುನಿಕೋಡ್‌ಗೆ ಪರಿವರ್ತಿಸುವ ತಂತ್ರಾಂಶಗಳಿವೆ, ಆದರೆ ಕೂತು ಪರಿವರ್ತಿಸಿ, ಒತ್ತು–ಅರ್ಕಾವತ್ತುಗಳನ್ನು ಪರಿಶೀಲಿಸುವವರು ಬೇಕು. ಸ್ಕ್ಯಾನ್ ಮಾಡಿದ ಪುಟಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಚಿತ್ರವಾಗಿ ಉಳಿದ ಪುಟದೊಳಗೆ ಒಂದು ಪದವನ್ನು ಹುಡುಕಲಾಗದು. ಅಕ್ಷರ ಗುರುತಿಸುವ ಒಸಿಆರ್ ತಂತ್ರಜ್ಞಾನ ಕನ್ನಡಕ್ಕೆ ಈಚಿನ ವರ್ಷಗಳಲ್ಲಿ ಸಾಕಷ್ಟು ಸುಧಾರಿಸಿದೆ. ಹಳೆಯ ಅಚ್ಚುಮೊಳೆಯ ಪುಟಗಳಲ್ಲಿ ಅದು ಈಗಲೂ ಎಡವುತ್ತದೆ, ಮನುಷ್ಯರ ಕಣ್ಣು ಬೇಕೇ ಬೇಕು.

ಕಾನೂನಿನ ವಿಚಾರವೂ ತಿಳಿದಿರಬೇಕು. ನಮ್ಮ ಹಕ್ಕುಸ್ವಾಮ್ಯ ಕಾಯ್ದೆಯಂತೆ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಕೃತಿಯ ಹಕ್ಕು ವಾರಸುದಾರರಿಗಿರುತ್ತದೆ. 1975ರಲ್ಲಿ ತೀರಿಕೊಂಡ ಡಿವಿಜಿಯವರ ಬರಹ ಸಾರ್ವಜನಿಕ ಸ್ವತ್ತಾಗುವುದು 2036ಕ್ಕೆ. 1981ರಲ್ಲಿ ಅಗಲಿದ ಬೇಂದ್ರೆಯವರದು 2042ಕ್ಕೆ, 1994ರಲ್ಲಿ ಅಗಲಿದ ಕುವೆಂಪು ಅವರದು 2055ಕ್ಕೆ. ಇವರ ಪುಸ್ತಕಗಳನ್ನು ಯಾರು ಬೇಕಾದರೂ ಅಂತರ್ಜಾಲಕ್ಕೆ ಹಾಕುವಂತಿಲ್ಲ, ಹಾಕಲೂಬಾರದು. ಆದರೆ 2012ರ ತಿದ್ದುಪಡಿ ಗ್ರಂಥಾಲಯಗಳಿಗೆ ಒಂದು ಮುಖ್ಯ ಅವಕಾಶ ಕೊಟ್ಟಿದೆ. ಲಾಭದ ಉದ್ದೇಶವಿಲ್ಲದ ಸಾರ್ವಜನಿಕ ಗ್ರಂಥಾಲಯ ತನ್ನ ಬಳಿ ಮುದ್ರಿತ ಪ್ರತಿ ಇರುವ ಕೃತಿಯನ್ನು ಸಂರಕ್ಷಣೆಗಾಗಿ ಎಲೆಕ್ಟ್ರಾನಿಕ್ ರೂಪದಲ್ಲಿ ಇಟ್ಟುಕೊಳ್ಳಬಹುದು. ಪುಡಿಯಾಗುತ್ತಿರುವ ಹಳೆಯ ಕನ್ನಡ ಪತ್ರಿಕೆಗಳ, ಮರುಮುದ್ರಣ ಕಾಣದ ಪುಸ್ತಕಗಳ ಸಂಪುಟಗಳನ್ನು ಉಳಿಸಲು ಇಷ್ಟು ಸಾಕು. ದೃಷ್ಟಿಹೀನರಿಗೆ ಓದಲು, ಕೇಳಲು ಅನುಕೂಲವಾಗುವ ರೂಪಕ್ಕೆ ಕೃತಿಯನ್ನು ತರಲೂ ಅದೇ ಕಾಯ್ದೆ ಅನುವು ಮಾಡಿಕೊಡುತ್ತದೆ. ಈ ವಿಷಯದ ಮರಕೇಶ್ ಒಪ್ಪಂದವನ್ನು 2014ರಲ್ಲಿ ಜಗತ್ತಿನಲ್ಲೇ ಮೊದಲು ಅನುಮೋದಿಸಿದ ದೇಶ ಭಾರತ. ಬ್ರೈಲ್‌ಗಾಗಿ ವರ್ಷಗಟ್ಟಲೆ ಕಾಯುತ್ತಿದ್ದ ಓದುಗನಿಗೆ ಯುನಿಕೋಡ್ ಕಡತವೊಂದಿದ್ದರೆ ಇಂದು ಮೊಬೈಲೇ ಕಾದಂಬರಿ ಓದಿ ಹೇಳುತ್ತದೆ. ಡಿಜಿಟಲೀಕರಣದ ಅತ್ಯಂತ ದೊಡ್ಡ ಪುಣ್ಯ ಇದು ಎಂದು ನಾನು ನಂಬಿದ್ದೇನೆ.

ಹಸಿರು ಗ್ರಂಥಾಲಯ

ಪರಿಸರದ ಮಾತಿಗೆ ಬಂದರೆ, ಸಾರ್ವಜನಿಕ ಗ್ರಂಥಾಲಯ ಹುಟ್ಟಿನಿಂದಲೇ ಸುಸ್ಥಿರ. ಒಂದು ಪುಸ್ತಕ, ನೂರು ಓದುಗರು. ಕೊಳ್ಳದೆ ಬಳಸುವ, ಬಳಸಿ ಹಿಂದಿರುಗಿಸುವ ಶಿಸ್ತನ್ನು ಮಕ್ಕಳಿಗೆ ಇದಕ್ಕಿಂತ ಚೆನ್ನಾಗಿ ಕಲಿಸುವ ಸಂಸ್ಥೆ ಇನ್ನೊಂದಿಲ್ಲ. ಫಿನ್ಲೆಂಡ್ ಈ ಶಿಸ್ತನ್ನು ಪುಸ್ತಕದಿಂದಾಚೆಗೂ ಹಿಗ್ಗಿಸಿದೆ. 2018ರ ಡಿಸೆಂಬರ್‌ನಲ್ಲಿ ಹೆಲ್ಸಿಂಕಿಯಲ್ಲಿ ತೆರೆದ ಊಡಿ ಗ್ರಂಥಾಲಯದಲ್ಲಿ ಹೊಲಿಗೆ ಯಂತ್ರವೂ ಇದೆ, 3ಡಿ ಪ್ರಿಂಟರೂ ಇದೆ. ಮನೆಗೊಂದು ಕೊಳ್ಳುವ ಬದಲು ಊರಿಗೊಂದು ಇರಲಿ ಎಂಬ ತತ್ವ. ನಮ್ಮ ‘ಪುಸ್ತಕ ಜೋಳಿಗೆ’ಯೂ ಇದೇ ಹಾದಿಯದು. ಮನೆಯ ಅಟ್ಟದಲ್ಲಿದ್ದ ಪುಸ್ತಕಕ್ಕೆ ಅದು ಎರಡನೇ ಜನ್ಮ ಕೊಟ್ಟಿದೆ.

ಕಟ್ಟಡಗಳ ವಿಷಯದಲ್ಲಿ ನಾವು ನಮ್ಮ ಹಳಬರಿಂದಲೇ ಕಲಿಯಬಹುದು. ಕಬ್ಬನ್ ಉದ್ಯಾನದ ಕೆಂಪು ಕಟ್ಟಡ, ರಾಜ್ಯ ಕೇಂದ್ರ ಗ್ರಂಥಾಲಯವಿರುವ ಶೇಷಾದ್ರಿ ಅಯ್ಯರ್ ಸ್ಮಾರಕ ಭವನ, ನೂರು ವರ್ಷ ದಾಟಿದೆ. ಎತ್ತರದ ಚಾವಣಿ, ಉದ್ದುದ್ದ ಕಿಟಕಿ, ಸುತ್ತ ಮರಗಳ ನೆರಳು. ಹೊರಗೆ ಬಿಸಿಲಿದ್ದರೂ ಓದುವ ಸಭಾಂಗಣ ತಂಪಾಗಿರುತ್ತದೆ, ಹಗಲು ಬೆಳಕು ಮೇಜಿನವರೆಗೆ ಬರುತ್ತದೆ. ಚೆನ್ನೈನಲ್ಲಿ 2010ರಲ್ಲಿ ತೆರೆದ ಅಣ್ಣಾ ಶತಮಾನೋತ್ಸವ ಗ್ರಂಥಾಲಯ ಹಸಿರು ಕಟ್ಟಡಗಳಿಗೆ ಕೊಡುವ ಲೀಡ್ ಗೋಲ್ಡ್ ಮಾನ್ಯತೆ ಪಡೆದಿದೆ. ಹಳ್ಳಿಯ ಲೈಬ್ರರಿಗೆ ಅಂಥ ಪ್ರಮಾಣಪತ್ರ ಬೇಕಿಲ್ಲ. ತಗಡಿನ ಚಾವಣಿಯ ಬದಲು ತಂಪಾದ ಚಾವಣಿ, ಎದುರುಬದುರು ಕಿಟಕಿ, ಎಲ್‌ಇಡಿ ದೀಪ, ಸಂಜೆ ಕರೆಂಟ್ ಹೋದಾಗ ನಾಲ್ಕು ದೀಪ ಮತ್ತು ಒಂದು ಕಂಪ್ಯೂಟರ್ ನಡೆಸುವಷ್ಟು ಸೋಲಾರ್ ಸಾಕು. ಕಲಬುರಗಿ, ರಾಯಚೂರಿನ ಮೇ ತಿಂಗಳಲ್ಲಿ ಮಕ್ಕಳು ಕೂರಲಾಗದ ಕೋಣೆಗೆ ಎಷ್ಟು ಟ್ಯಾಬ್ ಕೊಟ್ಟರೂ ಪ್ರಯೋಜನವಿಲ್ಲ. ಬಿಸಿಲು ವರ್ಷದಿಂದ ವರ್ಷಕ್ಕೆ ಏರುತ್ತಿರುವಾಗ ಊರಿನ ತಂಪಾದ, ಕುಡಿಯುವ ನೀರಿರುವ ಸಾರ್ವಜನಿಕ ಕೋಣೆಯಾಗಿಯೂ ಗ್ರಂಥಾಲಯ ಬೇಕಾಗುತ್ತದೆ.

ಜನರಿಲ್ಲದೆ ಯಾವುದೂ ನಡೆಯದು

ಇಷ್ಟೆಲ್ಲದರ ಭಾರ ಕೊನೆಗೆ ಬೀಳುವುದು ಒಬ್ಬರ ಮೇಲೆ, ಗ್ರಂಥಾಲಯದ ಮೇಲ್ವಿಚಾರಕರ ಮೇಲೆ. ಬೀಗ ತೆಗೆಯುವುದು, ಕಸ ಗುಡಿಸುವುದು, ರಿಜಿಸ್ಟರ್ ಬರೆಯುವುದು, ಮಕ್ಕಳಿಗೆ ಕಥೆ ಹೇಳುವುದು, ಅರ್ಜಿ ತುಂಬಿಸುವುದು, ಟ್ಯಾಬ್ ಚಾರ್ಜ್ ಮಾಡುವುದು ಎಲ್ಲವೂ ಅವರದೇ ಕೆಲಸ. ಇವರಲ್ಲಿ ಎಷ್ಟೋ ಜನ ಹತ್ತು–ಇಪ್ಪತ್ತು ವರ್ಷ ಅಲ್ಪ ಗೌರವಧನದಲ್ಲಿ ದುಡಿದವರು, ಕನಿಷ್ಠ ವೇತನಕ್ಕಾಗಿ ಮತ್ತೆ ಮತ್ತೆ ಹೋರಾಡಿದವರು. ಡಿಜಿಟಲ್ ಗ್ರಂಥಾಲಯದ ನೀತಿ ಇವರ ಸಂಬಳ, ಸೇವಾಭದ್ರತೆ, ತರಬೇತಿಯ ಬಗ್ಗೆ ಮೌನವಾಗಿದ್ದರೆ ಆ ನೀತಿ ಅರ್ಧ ಮಾತ್ರ ಬರೆದದ್ದು. ಇವರು ಕೆಲಸ ಬಿಟ್ಟುಹೋದ ದಿನ ಐದು ಕಂಪ್ಯೂಟರ್ ಇರುವ ಕೇಂದ್ರಕ್ಕೂ ಬೀಗ ಬೀಳುತ್ತದೆ.

ಪುಸ್ತಕೋದ್ಯಮದ ಸಂಗತಿಯೂ ಇಲ್ಲಿ ಸೇರುತ್ತದೆ. ಗ್ರಂಥಾಲಯ ಇಲಾಖೆಯ ಏಕಗವಾಕ್ಷಿ ಯೋಜನೆಯಲ್ಲಿ ಆಯ್ಕೆಯಾದ ಕನ್ನಡ ಪುಸ್ತಕಗಳ 300 ಪ್ರತಿಗಳನ್ನು ಸರ್ಕಾರ ಕೊಳ್ಳುವುದು ಬಹುಕಾಲದ ಕ್ರಮ. ಸಾವಿರ ಪ್ರತಿ ಮುದ್ರಿಸುವ ಸಣ್ಣ ಪ್ರಕಾಶಕರಿಗೆ ಈ 300 ಪ್ರತಿಗಳೇ ಆಸರೆ. ಖರೀದಿ ವರ್ಷಗಟ್ಟಲೆ ತಡವಾಗುತ್ತದೆ, ಪುಟದ ಲೆಕ್ಕದಲ್ಲಿ ಕೊಡುವ ದರ ಕಾಗದದ ಬೆಲೆಗೆ ಸಾಲದು ಎಂಬುದು ಪ್ರಕಾಶಕರ ಹಳೆಯ ದೂರು. ಡಿಜಿಟಲ್ ಬಂತೆಂದು ಈ ಖರೀದಿಯನ್ನು ಸೊರಗಲು ಬಿಟ್ಟರೆ ಹೊಸ ಕನ್ನಡ ಪುಸ್ತಕಗಳೇ ಕಡಿಮೆಯಾಗುತ್ತವೆ, ನಾಳೆ ಡಿಜಿಟಲ್ ಮಾಡಲು ಏನೂ ಉಳಿಯುವುದಿಲ್ಲ. 300 ಪ್ರತಿ ಕೊಳ್ಳುವಾಗಲೇ ನ್ಯಾಯವಾದ ಹೆಚ್ಚುವರಿ ಬೆಲೆ ಕೊಟ್ಟು, ಸಂರಕ್ಷಣೆಗಾಗಿ ಒಂದು ಯುನಿಕೋಡ್ ಕಡತವನ್ನೂ ಪಡೆದು ರಾಜ್ಯ ಕೇಂದ್ರ ಗ್ರಂಥಾಲಯದಲ್ಲಿ ಇಟ್ಟರೆ, ಲೇಖಕ, ಪ್ರಕಾಶಕ, ಓದುಗ ಮೂವರಿಗೂ ಒಳ್ಳೆಯದಾಗುತ್ತದೆ. ಮುಂದೊಂದು ದಿನ ಅದೇ ಪುಸ್ತಕವನ್ನು ಮತ್ತೆ ಸ್ಕ್ಯಾನ್ ಮಾಡುವ ಖರ್ಚೂ ಉಳಿಯುತ್ತದೆ.

ಹಾಗಾಗಿ ನೀತಿಯ ಅಳತೆಗೋಲು ಬದಲಾಗಬೇಕು. ಎಷ್ಟು ಗ್ರಂಥಾಲಯ ಡಿಜಿಟಲ್ ಆಯಿತು, ಎಷ್ಟು ಲಕ್ಷ ಜನ ಆ್ಯಪ್‌ನಲ್ಲಿ ನೋಂದಾಯಿಸಿದರು ಎಂಬ ಅಂಕಿಗಳು ಆರಂಭದ ಉತ್ಸಾಹವನ್ನಷ್ಟೇ ಹೇಳುತ್ತವೆ. ನೋಂದಾಯಿಸಿದವರಲ್ಲಿ ಎಷ್ಟು ಜನ ಮತ್ತೆ ಬಂದರು, ಕೊಟ್ಟ ಕಂಪ್ಯೂಟರ್‌ಗಳಲ್ಲಿ ಮೂರನೇ ವರ್ಷ ಎಷ್ಟು ನಡೆಯುತ್ತಿವೆ, ಬಂದವರಲ್ಲಿ ಹೆಣ್ಣುಮಕ್ಕಳು ಎಷ್ಟು, ಸಂಜೆ ಎಷ್ಟು ಹೊತ್ತಿನವರೆಗೆ ಬಾಗಿಲು ತೆರೆದಿರುತ್ತದೆ ಎಂಬುದನ್ನು ವರ್ಷ ವರ್ಷವೂ ಪ್ರಕಟಿಸಬೇಕು. ಯಾವುದೇ ಡಿಜಿಟಲ್ ಯೋಜನೆಗೆ ಮಂಜೂರಾತಿ ಕೊಡುವ ಮುನ್ನ ಐದು ವರ್ಷದ ನಿರ್ವಹಣೆಯ ದುಡ್ಡು ಎಲ್ಲಿಂದ ಬರುತ್ತದೆ ಎಂಬ ಒಂದು ಪುಟ ಕಡ್ಡಾಯವಾಗಿ ಕಡತದಲ್ಲಿರಬೇಕು. ಸಾರ್ವಜನಿಕ ಹಣದಲ್ಲಿ ಸ್ಕ್ಯಾನ್ ಆದ, ಹಕ್ಕುಸ್ವಾಮ್ಯ ಮುಗಿದ ಪ್ರತಿ ಪುಸ್ತಕವೂ ಯಾವ ಕಂಪನಿಯ ಬೀಗವೂ ಇಲ್ಲದೆ ಎಲ್ಲರಿಗೂ ಸಿಗಬೇಕು.

ಇದರಲ್ಲಿ ನಾಗರಿಕರ ಪಾಲೂ ಇದೆ, ಮತ್ತು ಅದು ಕಷ್ಟದ್ದೇನಲ್ಲ. ಮುಂದಿನ ಗ್ರಾಮಸಭೆಯಲ್ಲಿ, ನಗರದವರಾದರೆ ವಾರ್ಡ್ ಸಮಿತಿಯ ಸಭೆಯಲ್ಲಿ, ಮೂರು ಪ್ರಶ್ನೆ ಕೇಳಿ. ಕಳೆದ ವರ್ಷ ನಮ್ಮಿಂದ ವಸೂಲಾದ ಗ್ರಂಥಾಲಯ ಕರ ಎಷ್ಟು? ಅದರಲ್ಲಿ ಗ್ರಂಥಾಲಯಕ್ಕೆ ಖರ್ಚಾದದ್ದು ಎಷ್ಟು? ಕೆಟ್ಟು ಕೂತಿರುವ ಕಂಪ್ಯೂಟರ್ ಯಾವಾಗ ಸರಿಹೋಗುತ್ತದೆ? ಉತ್ತರವನ್ನು ಸಭೆಯ ನಡಾವಳಿಯಲ್ಲಿ ಬರೆಯಿಸಿ, ಮುಂದಿನ ಸಭೆಯಲ್ಲಿ ಮತ್ತೆ ಕೇಳಿ. ಡಿಜಿಟಲೀಕರಣ, ಸುಸ್ಥಿರತೆ ಎಂಬ ದೊಡ್ಡ ಗುರಿಗಳು ರಾಜಧಾನಿಯ ಆದೇಶದಲ್ಲಿ ಆರಂಭವಾಗಬಹುದು, ನಮ್ಮೂರಿನಲ್ಲಿ ಅವು ಉಳಿಯುವುದು ಹೀಗೆ ಬಿಡದೆ ಕೇಳುವ ಜನ ಇದ್ದರೆ ಮಾತ್ರ.